ಮಡಕದ ಕೋಡಿ

ಪುಣೆಯಲ್ಲಿ ಮಳೆ ಜೋರಾಯಿತೆಂದರೆ ಊರಿಗೆ ಫೋನ್ ಮಾಡುತ್ತೇನೆ. "ಅಪ್ಪ, ಅಲ್ಲಿ ಮಳೆ ಹೇಗುಂಟು?" ಕೇಳಬೇಕಿರುವುದು ಕೋಡಿಯ ವಿಷಯ ಎಂದು ಅವರಿಗೂ ಗೊತ್ತು.

ಪುತ್ತೂರು ಕಡೆಯ ನಮ್ಮ ತೋಟದ ಮೇಲೆ, ಎರಡು ಗುಡ್ಡಗಳ ನಡುವೆ, ಅಜ್ಜ ಮಣ್ಣಿನ ಕಟ್ಟ ಹಾಕಿಸಿದ ಮಡಕವೊಂದಿದೆ. ಮಳೆನೀರು ಅಲ್ಲಿ ನಿಂತು ಇಂಗಿದರೆ ಬೇಸಿಗೆಯಲ್ಲಿ ಕೆಳಗಿನ ಬಾವಿಗಳು ಬತ್ತುವುದಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 10 ಮೀಟರಿಗಿಂತ ಗಿಡ್ಡ ಕಟ್ಟಗಳ ಗೊಡವೆಗೆ ಬರುವುದಿಲ್ಲ. ನಮ್ಮದು ನಾಲ್ಕು ಮೀಟರ್ ಇದ್ದರೆ ಹೆಚ್ಚು. ನೋಡಿಕೊಳ್ಳಬೇಕಾದವರು ನಾವೇ.

ನಾನು ಎಂಟೆಕ್‌ನಲ್ಲಿ ಓದಿದ್ದು ಮಣ್ಣಿನ ಎಂಜಿನಿಯರಿಂಗು. ಸೇರಿದ್ದು ಐಟಿ. ಈಗ ಬೇರೆಯವರ ಪ್ರಾಜೆಕ್ಟುಗಳ ಅಪಾಯಗಳನ್ನು ಎಕ್ಸೆಲ್‌ನಲ್ಲಿ ಬರೆದಿಡುವುದು ನನ್ನ ಕಸುಬು.

2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದು ಮನೆಗಳು ಕೊಚ್ಚಿಹೋದವು. ಏಡಿಗಳು ಕೊರೆದದ್ದೇ ಕಾರಣ ಎಂದರು ಸಚಿವರು. ಆಫೀಸಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಕಟ್ಟದಲ್ಲೂ ಏಡಿ ಮಾಟೆಗಳಿದ್ದವು.

ಆ ಚೌತಿಗೆ ಊರಿಗೆ ಹೋದರೆ, ಮಾಟೆಗಿಂತ ದೊಡ್ಡದು ಕಂಡಿತು. ಅಪ್ಪ ಕೋಡಿಗೆ ಮರಳಿನ ಚೀಲ ಜೋಡಿಸಿ ಒಂದೂವರೆ ಅಡಿ ನೀರು ಹೆಚ್ಚು ನಿಲ್ಲಿಸಿದ್ದರು. ಕಟ್ಟದ ತಲೆಗೆ ಉಳಿದದ್ದು ಒಂದು ಗೇಣು. ಕಾಂಕ್ರೀಟಾದರೆ ಮೇಲಿಂದ ನೀರು ಉಕ್ಕಿದರೂ ತಾಳೀತು, ಮಣ್ಣು ಕೊರೆದುಕೊಂಡು ಹೋಗುತ್ತದೆ. ಕೆಳಗೆ ತೋಡಿನ ಬದಿ ಒಂದು ಮನೆ, ಎರಡು ಮಕ್ಕಳು. ಆ ಐದು ಸೆಂಟ್ಸ್ ಜಾಗ ಮಾರಿದ್ದು ಅಪ್ಪನೇ, ನನ್ನ ಎಂಟೆಕ್ ಖರ್ಚಿಗೆ.

"ಚೀಲ ತೆಗೀಬೇಕು" ಅಂದೆ.

"ಮಾರ್ಚಿನಲ್ಲಿ ಅಡಿಕೆಗೆ ನೀರು ನೀನು ಪುಣೆಯಿಂದ ಕಳಿಸ್ತೀಯಾ?"

ಉತ್ತರ ಇರಲಿಲ್ಲ. ರಾತ್ರಿ ಮಳೆ ಹಿಡಿಯಿತು. ಹನ್ನೊಂದಕ್ಕೆ ಎದ್ದು ಹೋಗಿ ಒಬ್ಬನೇ ಚೀಲ ಎಳೆಯತೊಡಗಿದೆ. ನಾಲ್ಕನೆಯದಕ್ಕೆ ಕೈ ಹಾಕುವಾಗ ಹಿಂದಿನಿಂದ ಟಾರ್ಚಿನ ಬೆಳಕು ಬಿತ್ತು.

"ಕೈ ಹಾಕಬೇಡ, ಅಡಿಯಲ್ಲಿ ಹಾವಿರ್ತದೆ. ಹಾರೆ ತಂದಿದ್ದೇನೆ."

ಮುಂದಿನ ಏಪ್ರಿಲ್‌ನಲ್ಲಿ ಬಾವಿ ತಳ ಕಂಡಿತು. ಅಪ್ಪ ಅದನ್ನು ಮೂರು ಸಲ ಹೇಳಿದರು. ಪಂಪಿಗೆ, ಟ್ಯಾಂಕಿಗೆ ದುಡ್ಡು ಕಳಿಸಿದೆ. ಆದರೂ ಮೇಲಿನ ಸಾಲಿನ ಗಿಡಗಳು ಉಳಿಯಲಿಲ್ಲ.

ಈಗ ಕೇಳಿದಾಗೆಲ್ಲ "ಚೀಲ ಇಟ್ಟಿಲ್ಲ ಮಾರಾಯ" ಅನ್ನುತ್ತಾರೆ. ನಂಬುತ್ತೇನೆ. ಆಮೇಲೆ ಕೆಳಮನೆಗೂ ಒಂದು ಫೋನ್ ಮಾಡುತ್ತೇನೆ. ಮಕ್ಕಳ ಓದು ವಿಚಾರಿಸಿ, ಕಟ್ಟದ ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದೆಯಾ, ಕೆಂಪಾಗಿದೆಯಾ ಎಂದು ಕೇಳುತ್ತೇನೆ.