ಧಾರವಾಡದಲ್ಲಿ ಬಾಕಿ ಉಳಿದ ಅರ್ಧ ರೇಡಿಯೋ

ಕಳೆದ ನವೆಂಬರಿನಲ್ಲಿ ನಾನೂ ನನ್ನ ಮೊಮ್ಮಗಳೂ ಧಾರವಾಡಕ್ಕೆ ಹೋಗಿ ಬಂದೆವು. ಅವಳು ಏಳನೇ ತರಗತಿ. ಅವಳ ಚೀಲದಲ್ಲಿ ಎರಡು ಪುಸ್ತಕ, ಒಂದು ಸ್ವೆಟರು. ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ, ಮಾತ್ರೆಯ ಡಬ್ಬಿ, ಮತ್ತು ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಟ್ರಾನ್ಸಿಸ್ಟರ್ ರೇಡಿಯೋ. ಅದು ಹಾಡುವುದನ್ನು ನಿಲ್ಲಿಸಿ ಬಹಳ ವರ್ಷಗಳಾದವು.

“ಕೆಟ್ಟ ರೇಡಿಯೋ ಯಾಕೆ ತಾತ?” ಎಂದಳು.

“ಅದರಲ್ಲಿ ಅರ್ಧ ಮಾತ್ರ ನನ್ನದು. ಇನ್ನರ್ಧ ಧಾರವಾಡದ್ದು” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಬೆಂಗಳೂರಿನಿಂದ ಧಾರವಾಡಕ್ಕೆ ವಂದೇ ಭಾರತ್ ರೈಲು 2023ರಿಂದ ಓಡುತ್ತಿದೆ. ಬೆಳಿಗ್ಗೆ ಆರರೊಳಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿರುತ್ತೇವೆ. ಕಥೆ ಹೇಳಲು ಅಷ್ಟು ಹೊತ್ತು ಸಾಕಾಗಿತ್ತು. ನನ್ನ ಹುಟ್ಟೂರು ತಿಪಟೂರು ಕಿಟಕಿಯಲ್ಲಿ ಸರ್ರನೆ ಬಂದು ಸರ್ರನೆ ಹೋಯಿತು. ಅಲ್ಲಿಂದಲೇ ಕಥೆ ಶುರು ಮಾಡಿದೆ.

1969ರ ಜುಲೈ 19ರಂದು ಸರ್ಕಾರ ಹದಿನಾಲ್ಕು ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ಊರೂರಿಗೆ ಶಾಖೆಗಳು ಬಂದವು, ಶಾಖೆಗಳಿಗೆ ಗುಮಾಸ್ತರು ಬೇಕಾದರು. ನನ್ನಂಥ ಬಿಕಾಂ ಹುಡುಗರಿಗೆ ಅದೇ ಅದೃಷ್ಟ. 1973ರ ಜುಲೈ ತಿಂಗಳಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ತಿಪಟೂರಿನಲ್ಲಿ ಮೀಟರ್ ಗೇಜ್ ಗಾಡಿ ಹತ್ತಿದೆ. ರಾತ್ರಿಯಿಡೀ ಇಂಜಿನ್ನಿನ ಕರಿಪುಡಿ ಕಣ್ಣಿಗೆ ಬೀಳುತ್ತಿತ್ತು. ಬೆಳಿಗ್ಗೆ ಧಾರವಾಡದಲ್ಲಿ ಇಳಿದಾಗ ಮಳೆ. ಅಲ್ಲಿಯ ಮಳೆ ನಮ್ಮೂರಿನ ಹಾಗೆ ಬಂದು ಹೋಗುವ ನೆಂಟನಲ್ಲ. ಬಂದರೆ ಮನೆಯವರ ಹಾಗೆ ಇದ್ದುಬಿಡುತ್ತದೆ. ನಾನು ಹೊರಟದ್ದು ಮೈಸೂರು ರಾಜ್ಯದಿಂದ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗುವ ಹೊತ್ತಿಗೆ, ನವೆಂಬರ್ 1ರಂದು, ನಾಡಿನ ಹೆಸರೇ ಕರ್ನಾಟಕವಾಯಿತು. ಏಕೀಕರಣಕ್ಕಾಗಿ ದುಡಿದ ಊರು ಅದು. ಹೆಸರು ಬಂದ ಸಂಭ್ರಮವನ್ನು ಅಲ್ಲಿ ನಿಂತು ನೋಡಿದ್ದು ನನ್ನ ಪುಣ್ಯ.

ಆದರೆ ಮೊದಲ ವಾರ ನನ್ನ ಕನ್ನಡ ಅಲ್ಲಿ ನಡೆಯಲಿಲ್ಲ. ಕೌಂಟರಿನಲ್ಲಿ ಒಬ್ಬ ಹಿರಿಯರು “ದೌಡ ಕೊಡ್ರಿ ರೊಕ್ಕಾ” ಅಂದರು. ದೌಡು ಎಂದರೆ ಓಡುವುದು ಎಂದು ಮಾತ್ರ ಗೊತ್ತಿದ್ದ ನಾನು ಎದ್ದು ಕ್ಯಾಷಿಯರ್ ಹತ್ತಿರ ಓಡಿದೆ. ಇಡೀ ಶಾಖೆ ನಕ್ಕಿತು. ‘ಬೇಗ ಕೊಡಿ’ ಅನ್ನುವುದಷ್ಟೇ ಅವರ ಮಾತಿನ ಅರ್ಥ ಎಂದು ಪಕ್ಕದ ಕುರ್ಚಿಯ ಹುಡುಗ ಹೇಳಿಕೊಟ್ಟ. ಅವನು ಧಾರವಾಡದ ಹತ್ತಿರದ ಹಳ್ಳಿಯವನು, ನನ್ನದೇ ವಯಸ್ಸು. ಎಲ್ಲರನ್ನೂ ‘ದೋಸ್ತ’ ಎಂದೇ ಕರೆಯುವವನು. ನಾನೂ ಅವನನ್ನು ಹಾಗೇ ಕರೆದೆ. ಇಲ್ಲಿಯೂ ಅದೇ ಹೆಸರಿರಲಿ.

ಸ್ಟೇಷನ್ನಿಗೆ ಹತ್ತಿರದ ಮಾಳಮಡ್ಡಿಯಲ್ಲಿ ಇಬ್ಬರೂ ಸೇರಿ ಒಂದು ಕೋಣೆ ಹಿಡಿದೆವು. ತಿಂಗಳಿಗೆ ಕೈಗೆ ಬರುತ್ತಿದ್ದುದು ನಾನೂರಕ್ಕೆ ಸ್ವಲ್ಪ ಕಡಿಮೆ. ಅದರಲ್ಲಿ ಮನೆಗೆ ಕಳಿಸಿ, ಖಾನಾವಳಿಗೆ ಕೊಟ್ಟು, ಉಳಿದದ್ದು ಸಿನಿಮಾಕ್ಕೆ. 1974ರಲ್ಲಿ ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಗೆ ಹೋಗಿ, ತಲಾ 135 ರೂಪಾಯಿ ಹಾಕಿ, 270 ರೂಪಾಯಿಗೆ ಮೂರು ಬ್ಯಾಂಡಿನ ಟ್ರಾನ್ಸಿಸ್ಟರ್ ತಂದೆವು. ತೂತುತೂತಿನ ಚರ್ಮದ ಚೀಲ, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ. ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನು ಒಬ್ಬರ ತೊಡೆಯಿಂದ ಒಬ್ಬರ ತೊಡೆಗೆ ಕೂಸಿನ ಹಾಗೆ ಬದಲಾಯಿಸಿಕೊಂಡು ಬಂದೆವು.

ಮಕ್ಕಳೇ, ಆಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು! ಅಂಚೆ ಕಚೇರಿಯಲ್ಲಿ ವರ್ಷಕ್ಕೆ 15 ರೂಪಾಯಿ ಕಟ್ಟಿದರೆ ಒಂದು ಪುಟ್ಟ ಪುಸ್ತಕದಲ್ಲಿ ಸ್ಟಾಂಪು ಅಂಟಿಸಿ ಠಸ್ಸೆ ಒತ್ತಿ ಕೊಡುತ್ತಿದ್ದರು. ಎಂಬತ್ತರ ದಶಕದಲ್ಲಿ ಆ ಪದ್ಧತಿ ಹೋಯಿತು. ನಮ್ಮ ರೇಡಿಯೋದ ಲೈಸೆನ್ಸು ದೋಸ್ತನ ಹೆಸರಿನಲ್ಲಿತ್ತು, ಏಕೆಂದರೆ ಅವತ್ತು ನನ್ನ ಜೇಬಿನಲ್ಲಿ 15 ರೂಪಾಯಿ ಉಳಿದಿರಲಿಲ್ಲ.

ಬುಧವಾರ ರಾತ್ರಿ ಎಂಟು ಗಂಟೆ ಎಂದರೆ ನಮಗೆ ದೇವರ ಪೂಜೆಯ ಹೊತ್ತು. ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತ್‌ಮಾಲಾ. ಅಮೀನ್ ಸಯಾನಿಯವರು ಅಕ್ಕತಂಗಿಯರನ್ನು ಮೊದಲು, ಅಣ್ಣತಮ್ಮಂದಿರನ್ನು ಆಮೇಲೆ ಕರೆದು ಮಾತು ಶುರು ಮಾಡುತ್ತಿದ್ದರು. ಆ ವಾರದ ಜನಪ್ರಿಯ ಹಾಡುಗಳು ಒಂದೊಂದೇ ಮೆಟ್ಟಿಲು ಹತ್ತುತ್ತ ಕೊನೆಗೆ ಒಂದನೇ ಮೆಟ್ಟಿಲಿಗೆ ಬರುತ್ತಿದ್ದವು. ಯಾವುದು ಬರುತ್ತದೆಂದು ಇಬ್ಬರೂ ಒಂದು ಚಹಾದ ಪಂಥ ಕಟ್ಟುತ್ತಿದ್ದೆವು. 1973ರಲ್ಲಿ ‘ಜಂಜೀರ್’ ಚಿತ್ರದ ಹಾಡು ವರ್ಷದ ಮೊದಲ ಸ್ಥಾನ ಪಡೆದಿತ್ತು. 1974ರಲ್ಲಿ ‘ಕೋರಾ ಕಾಗಜ್’ನದು. 1975ರಲ್ಲಿ ಗೆದ್ದದ್ದು ‘ರೋಟಿ ಕಪಡಾ ಔರ್ ಮಕಾನ್’ ಚಿತ್ರದ ಬೆಲೆ ಏರಿಕೆಯ ಹಾಡು. ಪ್ರೀತಿಯ ಹಾಡುಗಳನ್ನು ಹಿಂದೆ ಹಾಕಿ ಬೇಳೆಕಾಳಿನ ಬೆಲೆ ಗೆದ್ದ ವರ್ಷ ಅದು. ನಮ್ಮ ಖಾನಾವಳಿಯವರೂ ಅದೇ ವರ್ಷ ಊಟದ ದರ ಏರಿಸಿದರು.

ಸಿಲೋನ್ ಬರುತ್ತಿದ್ದುದು ಶಾರ್ಟ್ ವೇವ್‌ನಲ್ಲಿ. ಆ ಅಲೆಗಳು ಆಕಾಶದ ಮೇಲ್ಪದರಕ್ಕೆ ಬಡಿದು, ಗೋಡೆಗೆ ಹೊಡೆದ ಚೆಂಡಿನ ಹಾಗೆ ಮತ್ತೆ ಭೂಮಿಗೆ ಬರುತ್ತವೆ. ಹಾಗಾಗಿಯೇ ಸಮುದ್ರದಾಚೆಯ ಹಾಡು ಧಾರವಾಡದ ಕೋಣೆಗೆ ಬರುತ್ತಿತ್ತು. ಆದರೆ ಆ ಪದರ ಒಂದೇ ಸಮನೆ ಇರುವುದಿಲ್ಲ. ಅದಕ್ಕೇ ದನಿ ಒಮ್ಮೆ ಕಿವಿಯ ಪಕ್ಕಕ್ಕೆ ಬಂದು, ಒಮ್ಮೆ ಬಾವಿಗೆ ಬಿದ್ದಂತೆ ಆಳಕ್ಕೆ ಹೋಗುತ್ತಿತ್ತು. ನಾವು ತಾಮ್ರದ ತಂತಿಯೊಂದನ್ನು ಮನೆ ಮಾಲೀಕರ ಪೇರಲ ಗಿಡಕ್ಕೆ ಕಟ್ಟಿದ್ದೆವು. ಮಾಲೀಕರು ಹಿಂದೂಸ್ತಾನಿ ಸಂಗೀತದ ಭಕ್ತರು. “ಮಲ್ಲಿಕಾರ್ಜುನ ಮನ್ಸೂರರು ಇರೋ ಊರೊಳಗ ಇದೇನ ಕೇಳ್ತೀರಲೇ ತಮ್ಮಾ!” ಎಂದು ಬೈಯುತ್ತಿದ್ದರು. ಮನ್ಸೂರರು, ಬಸವರಾಜ ರಾಜಗುರುಗಳು ಓಡಾಡುತ್ತಿದ್ದ ಬೀದಿಗಳು ಅವು. ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರ ಮನೆ. ಧಾರವಾಡ ಆಕಾಶವಾಣಿಯಲ್ಲಿ ಆ ಹಾಡಿಕೆ ಬಂದಾಗ ಮಾಲೀಕರೇ ನಮ್ಮ ಕೋಣೆಗೆ ಬಂದು, ನಮ್ಮ ಹಾಸಿಗೆ ಮೇಲೆ ಕೂತು, ನಮ್ಮ ರೇಡಿಯೋವನ್ನು ತಾವೇ ತಿರುಗಿಸುತ್ತಿದ್ದರು. ಹೀಗೆ ಎರಡೂ ಬಗೆಯ ಸಂಗೀತ ನನ್ನ ಕಿವಿಗೆ ಬಿತ್ತು.

ಒಂದು ಬುಧವಾರದ ಲೆಕ್ಕ ಹೇಳಬೇಕು. ಸಂಜೆ ಏಳಾದರೂ ನನ್ನ ಲೆಡ್ಜರ್ ಕೂಡಲಿಲ್ಲ. 90 ರೂಪಾಯಿ ವ್ಯತ್ಯಾಸ. ವ್ಯತ್ಯಾಸ ಸಿಗದೆ ಮನೆಗೆ ಹೋಗುವಂತಿಲ್ಲ. ದೋಸ್ತ ತನ್ನ ಕೆಲಸ ಮುಗಿಸಿದ್ದ, ಹೋಗಬಹುದಿತ್ತು, ಹೋಗಲಿಲ್ಲ. “90ನ್ನ ಒಂಬತ್ತರಿಂದ ಭಾಗಿಸು” ಅಂದ. ಶೇಷ ಉಳಿಯಲಿಲ್ಲ. “ಹಂಗಾದ್ರ ಯಾವುದೋ ಎರಡು ಅಂಕಿ ಅದಲು ಬದಲು ಬರ್ದೀ, ಹುಡುಕು.” ನಿಜ, 540ನ್ನು ನಾನು 450 ಎಂದು ಬರೆದಿದ್ದೆ. ಮಕ್ಕಳೇ, ಬೇಕಾದರೆ ನೀವೂ ನೋಡಿ: 72 ಮತ್ತು 27, 81 ಮತ್ತು 18, ಅಕ್ಕಪಕ್ಕದ ಯಾವ ಅಂಕಿ ಅದಲು ಬದಲಾದರೂ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ. ನಾನು ಬಿಕಾಂ, ಈ ಉಪಾಯ ಕಲಿತದ್ದು ಅವನಿಂದ. ಎಂಟಕ್ಕೆ ಐದು ನಿಮಿಷ ಇರುವಾಗ ಕೋಣೆ ತಲುಪಿದೆವು.

ಇಂಥ ಗೆಳೆಯನಿಗೆ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. 1976ರ ಜೂನ್‌ನಲ್ಲಿ ನಮ್ಮೂರ ಕಡೆಯ ಶಾಖೆಗೆ ನನಗೆ ವರ್ಗವಾಯಿತು. ರೇಡಿಯೋ ಯಾರಿಗೆ? “ನನಗಿರಲಿ, ನಿನ್ನ ಪಾಲು ಕೊಡ್ತೀನಿ. ತಂಗಿ ಮದುವಿ ಸಾಲ ಐತಿ, ಎರಡು ತಿಂಗಳು ತಡಿ” ಎಂದ ದೋಸ್ತ. ನಾನು ತಡೆಯಲಿಲ್ಲ. ಈಗ ಕೊಡು, ಇಲ್ಲದಿದ್ದರೆ ನಾನು ಒಯ್ಯುತ್ತೇನೆ ಎಂದು ಜಗಳವಾಡಿದೆ. ಹೊರಡುವ ದಿನ ಅವನು ಕೌಂಟರಿನಲ್ಲಿದ್ದಾಗ ಕೋಣೆಗೆ ಬಂದು, ಪೇರಲ ಗಿಡದ ತಂತಿ ಬಿಚ್ಚಿ, ರೇಡಿಯೋವನ್ನು ಟ್ರಂಕಿಗೆ ಹಾಕಿಕೊಂಡೆ. ‘ನಿನ್ನ 135 ರೂಪಾಯಿ ಮನಿಯಾರ್ಡರ್ ಮಾಡುತ್ತೇನೆ’ ಎಂದು ಚೀಟಿ ಬರೆದಿಟ್ಟೆ.

ಮೊದಲ ತಿಂಗಳು ಖರ್ಚಿತ್ತು, ಎರಡನೆಯ ತಿಂಗಳು ಮರೆತೆ. ಆಮೇಲೆ ತಡವಾಯಿತಲ್ಲ ಎಂದು ನಾಚಿಕೆ. ನಾಚಿಕೆಯಿಂದ ಇನ್ನಷ್ಟು ತಡ. ಹೀಗೇ ಐವತ್ತು ವರ್ಷ ಹತ್ತಿರ ಬಂತು. ಇಡೀ ಜೀವಮಾನ ಊರವರ ಲೆಕ್ಕ ಕೂಡಿಸಿದವನದು ಇದೊಂದು ಲೆಕ್ಕ ಕೂಡಲಿಲ್ಲ. ಆ ರೇಡಿಯೋದಲ್ಲಿ ಎಷ್ಟೋ ಹಾಡು ಕೇಳಿದೆ, ಆದರೆ ಬುಧವಾರ ಎಂಟಕ್ಕೆ ಪಂಥ ಕಟ್ಟುವವರು ಇರಲಿಲ್ಲ. 2024ರ ಫೆಬ್ರುವರಿಯಲ್ಲಿ ಅಮೀನ್ ಸಯಾನಿಯವರು ತೀರಿಕೊಂಡ ಸುದ್ದಿ ಓದಿದಾಗ ಮೊದಲು ನೆನಪಾದದ್ದು ದೋಸ್ತನೇ. ನಿವೃತ್ತ ನೌಕರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿ ಕೇಳಿ ಕಡೆಗೂ ಅವನ ನಂಬರು ಹುಡುಕಿದೆ. ಫೋನಿನಲ್ಲಿ ಏನು ಹೇಳಲೂ ತೋಚದೆ, “ನಾನು, ತಿಪಟೂರು” ಎಂದೆ. ಅತ್ತಲಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಬಾ” ಎಂದ. ಅಷ್ಟೇ.

ಧಾರವಾಡ ಬೆಳೆದಿದೆ. ಹುಬ್ಬಳ್ಳಿಗೆ ಹೋಗಲು ಈಗ ‘ಚಿಗರಿ’ ಎಂಬ ಬಸ್ಸು. ಅದಕ್ಕೇ ಮೀಸಲಾದ ದಾರಿಯಲ್ಲಿ ಜಿಂಕೆಯ ಹಾಗೆಯೇ ಓಡುತ್ತದೆ. ಮೊಮ್ಮಗಳಿಗೆ ಆ ಹೆಸರೇ ಇಷ್ಟವಾಯಿತು. ನಮ್ಮ ಶಾಖೆಯಿದ್ದ ಕಟ್ಟಡದಲ್ಲಿ ಮೊಬೈಲ್ ಅಂಗಡಿ. ಆದರೆ 1950ರಲ್ಲಿ ಶುರುವಾದ ಆಕಾಶವಾಣಿ ಅಲ್ಲೇ ಇದೆ, ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆಯಿದೆ, ಮನ್ಸೂರರ ‘ಮೃತ್ಯುಂಜಯ’ ಮನೆಯಿದೆ. ಲೈನ್ ಬಜಾರಿನಲ್ಲಿ ಪೇಢೆಯ ಸಾಲು ಕೂಡ ಹಾಗೇ ಇದೆ. ಉತ್ತರದ ಉನ್ನಾವ್‌ನಿಂದ ಪ್ಲೇಗಿನ ಕಾಲದಲ್ಲಿ ಬಂದ ಠಾಕೂರ್ ಮನೆತನದವರು ಶುರು ಮಾಡಿದ ಪೇಢೆ ಈಗ ಊರಿನ ಹೆಸರಿನಲ್ಲೇ ಜಿಐ ಗುರುತು ಪಡೆದಿದೆ. ಹೊರಗಿನಿಂದ ಬಂದವರನ್ನು ತನ್ನವರನ್ನಾಗಿ ಮಾಡಿಕೊಳ್ಳುವುದು ಆ ಊರಿನ ಗುಣ. ನನ್ನನ್ನೂ ಮಾಡಿಕೊಂಡಿತ್ತು. ಬಿಟ್ಟು ಓಡಿದವನು ನಾನು.

ದೋಸ್ತನ ಮನೆಯ ಬಾಗಿಲಲ್ಲಿ ನಿಂತಾಗ ನನ್ನ ಕಾಲು ನಡುಗಿತು. ಬಾಗಿಲು ತೆಗೆದವನಿಗೆ ಕೂದಲಿಲ್ಲ, ಕೈಯಲ್ಲಿ ಕೋಲು. ನಗು ಮಾತ್ರ ಅದೇ. ಒಳಗೆ ಕೂತ ಮೇಲೆ ರೇಡಿಯೋ, ಒಂದು ಲಕೋಟೆ ಎರಡನ್ನೂ ಮುಂದಿಟ್ಟೆ. ಲಕೋಟೆಯಲ್ಲಿ ಲೆಕ್ಕ ಬರೆದಿದ್ದೆ: ಅಸಲು 135, ಶೇಕಡ 5ರ ಸರಳ ಬಡ್ಡಿ 50 ವರ್ಷಕ್ಕೆ 337 ರೂಪಾಯಿ 50 ಪೈಸೆ, ಒಟ್ಟು 472 ರೂಪಾಯಿ 50 ಪೈಸೆ. “ತಪ್ಪಾಯ್ತು ದೋಸ್ತ” ಎಂದೆ. ರೈಲಿನಲ್ಲಿ ದಾರಿಯುದ್ದಕ್ಕೂ ಕಲಿತಿದ್ದ ದೊಡ್ಡ ಮಾತುಗಳು ಯಾವುದೂ ಬರಲಿಲ್ಲ.

ಅವನು ಉತ್ತರ ಕೊಡಲಿಲ್ಲ. ಎದ್ದು ಕಪಾಟಿನಿಂದ ಒಂದು ಪುಟ್ಟ ಪುಸ್ತಕ ತಂದು ಮೊಮ್ಮಗಳ ಕೈಗಿಟ್ಟ. ರೇಡಿಯೋ ಲೈಸೆನ್ಸು! ಅವಳು ಪುಟ ತಿರುಗಿಸಿ ಸ್ಟಾಂಪುಗಳ ಮೇಲಿನ ಠಸ್ಸೆ ಓದಿದಳು: 1974, 75, 76, 77, 78, 79.

“ತಾತ, ನೀವು ರೇಡಿಯೋ ಒಯ್ದದ್ದು 76ರಲ್ಲಿ ಅಲ್ವಾ?”

ನಾನು ಬಾಯಿ ತೆರೆಯುವ ಮೊದಲೇ ದೋಸ್ತ ಹೇಳಿದ: “ರೇಡಿಯೋ ಇವನ ಕಡೆ, ಲೈಸೆನ್ಸ್ ನನ್ನ ಕಡೆ. ಲೈಸೆನ್ಸ್ ಇಲ್ದ ಹಾಡು ಕೇಳಿ ಸಿಕ್ಕೊಂಡ್ರ ಇವಗ ದಂಡ ಹಾಕ್ತಿದ್ರಲ್ಲವಾ? ಅದಕ್ಕ ಕಟ್ಟಿಕೋತ ಬಂದೆ. ಆಮ್ಯಾಲೆ ಇವನು ಹೊಸಾದು ತಗೊಂಡಿರಬೇಕು ಅಂತ ಬಿಟ್ಟೆ.”

ನಾನು ಕನ್ನಡಕ ಒರೆಸಿಕೊಂಡೆ. ಮೊಮ್ಮಗಳು ಲೆಕ್ಕ ಮಾಡಿ, “ಇನ್ನೂ ಮೂರು ವರ್ಷದ 45 ರೂಪಾಯಿ ಸೇರಿಸಬೇಕು ತಾತ” ಎಂದಳು. ದೋಸ್ತ ಗಟ್ಟಿಯಾಗಿ ನಕ್ಕ. ಲಕೋಟೆಯನ್ನು ಅವಳಿಗೇ ಕೊಟ್ಟು, “ಇದರಾಗ ಪೇಢೆ ತಿನ್ನು. ದೋಸ್ತಿಯೊಳಗ ಬಡ್ಡಿ ಇಲ್ಲ” ಎಂದ.

ರೇಡಿಯೋಗೆ ಹೊಸ ಸೆಲ್ ಹಾಕಿ ಇಬ್ಬರೂ ತಿರುಗಿಸಿದೆವು. ಗೊರ್ ಎಂದೂ ಅನ್ನಲಿಲ್ಲ. ನಮ್ಮ ಮುಖ ನೋಡಿ ಮೊಮ್ಮಗಳು ರೇಡಿಯೋವನ್ನು ಮೆಲ್ಲಗೆ ಹೊರತೆಗೆದು, ಖಾಲಿ ಚರ್ಮದ ಚೀಲದೊಳಗೆ ತನ್ನ ಅಮ್ಮ ಕೊಟ್ಟಿದ್ದ ಫೋನು ಇಟ್ಟಳು. “ಯಾವ ಹಾಡು ಬೇಕು?” ಎಂದಳು. ಇಬ್ಬರೂ ಒಟ್ಟಿಗೇ ‘ಸಂಪತ್ತಿಗೆ ಸವಾಲ್’ ಎಂದೆವು. 1974ರ ಚಿತ್ರ. ಜಿ. ಕೆ. ವೆಂಕಟೇಶ್ ಸಂಗೀತ. ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ಸ್ವತಃ ಹಾಡಿದ ಹಾಡು. ಆ ಹಾಡಿನ ಮೇಲೆಯೇ ಅವರು ಗಾಯಕರಾಗಿಯೂ ನೆಲೆಯೂರಿದರು. ಚರ್ಮದ ತೂತುಗಳಿಂದ ಆ ದನಿ ಹೊರಬಂತು. ಒಮ್ಮೆಯೂ ಬಾವಿಗೆ ಬೀಳಲಿಲ್ಲ. ದೋಸ್ತನಿಗೆ ಈಗ ಕಿವಿ ಸ್ವಲ್ಪ ಮಂದ. ಚೀಲವನ್ನು ಕಿವಿಗೆ ಒತ್ತಿ ಹಿಡಿದು ತಲೆದೂಗಿದ.

ಹೊರಡುವಾಗ, “ರೇಡಿಯೋ ನಿನ್ನ ಹತ್ತಿರವೇ ಇರಲಿ” ಎಂದೆ.

“ಇರ್ತದ. ಐವತ್ತು ವರ್ಷ ನಿನ್ನ ಕಡೆ ಇತ್ತು, ಇನ್ನ ಐವತ್ತು ವರ್ಷ ನನ್ನ ಕಡೆ. ಆಮ್ಯಾಲೆ ಬಂದು ಒಯ್ಯಿ” ಎಂದ ದೋಸ್ತ.

ರೈಲಿನಲ್ಲಿ ಮೊಮ್ಮಗಳು ಪೇಢೆ ತಿನ್ನುತ್ತ ಲೆಕ್ಕ ಹಾಕಿದಳು. “ಆಗ ನಿಮಗೆ 124 ವರ್ಷ ತಾತ. ಜ್ಞಾಪಕ ಇಟ್ಟುಕೊಳ್ಳಿ, ಮತ್ತೆ ತಡ ಮಾಡಬೇಡಿ.”