ಭಾರ ಹೊರಬೇಕಾದದ್ದು ಅಂಗೈ
ಪಾದದ ಮೂಳೆ ಮುರಿದವರಿಗೆ ಊರುಗೋಲು ಕೊಡಿಸುತ್ತೇವೆ, ಹಿಡಿಯುವ ಬಗೆ ಹೇಳಿಕೊಡುವುದು ಕಡಿಮೆ. ಹಾಗಾಗಿ ಎಷ್ಟೋ ಜನ ಕಂಕುಳಿನ ಮೇಲೇ ಜೋತುಬೀಳುತ್ತಾರೆ. ಮೇಲ್ತುದಿಯ ಮೆತ್ತೆ ಇರುವುದೇ ಅದಕ್ಕಲ್ಲವೇ ಎಂದು ಕೇಳಬಹುದು. ಅದು ಪಕ್ಕೆಗೆ ಒತ್ತಿ ಹಿಡಿಯಲು. ಮೈಭಾರ ಅಂಗೈ ಮೇಲೆ ಬೀಳಬೇಕು. ತೋಳಿನ ನರಗಳು ಹಾದುಹೋಗುವುದು ಕಂಕುಳಿನಲ್ಲೇ. ದಿನವೂ ಅಲ್ಲಿ ಒತ್ತುತ್ತಿದ್ದರೆ ಬೆರಳು ಜುಮ್ಮೆನ್ನುತ್ತದೆ, ಮಣಿಕಟ್ಟು ಎತ್ತಲಾಗದೆ ಜೋಲುವುದೂ ಉಂಟು. ಕಾಲು ಕೂಡುವಷ್ಟರಲ್ಲಿ ಕೈ ಕೆಡಿಸಿಕೊಂಡಂತೆ! ಅಂಗೈ ನೋಯುತ್ತದಲ್ಲ ಎನ್ನುವವರ ಮಾತೂ ಸುಳ್ಳಲ್ಲ. ಆದರೆ ಅಳತೆ ತಪ್ಪಿದ್ದರೆ ಆ ನೋವು ಇನ್ನೂ ಹೆಚ್ಚು: ನೆಟ್ಟಗೆ ನಿಂತಾಗ ಕಂಕುಳಿಗೂ ಕೋಲಿಗೂ ನಡುವೆ ಎರಡು ಮೂರು ಬೆರಳು ಸಂದು ಬೇಕು, ಮೊಣಕೈ ತುಸು ಬಾಗಿರಬೇಕು. ನೆಂಟರ ಮನೆಯ ಹಳೇ ಕೋಲು ತಂದಿದ್ದರೆ ಮೊದಲು ಎತ್ತರ ಸರಿಮಾಡಿಸಿಕೊಳ್ಳಿ, ಅಡಿಯ ರಬ್ಬರ್ ಸವೆದಿದೆಯೇ ನೋಡಿ.