ಸಿದ್ದಾಪುರದ ಕಷಾಯ

ತಾಳಗುಪ್ಪದಲ್ಲಿ ರೈಲಿಳಿದು ಬಸ್ಸನ್ನೇರಿದರೆ ಸಿದ್ದಾಪುರವೇನೂ ದೂರವಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಈ ಹಾದಿಯ ನಡುವೆಯೇ ಮೈಸೂರು ಮುಗಿದು ಮುಂಬಯಿ ರಾಜ್ಯವು ಮೊದಲಾಗುತ್ತಿದ್ದಿತು. ಗಡಿಯ ಎರಡು ಕಡೆಗಳಲ್ಲಿಯೂ ಲೋಟದಲ್ಲಿದ್ದುದು ಮಾತ್ರ ಒಂದೇ: ಕಷಾಯ!

ಜೋಗವನ್ನು ನೋಡಲು ಬಂದವರು ಪೇಟೆಯ ಹೋಟೆಲಿನಲ್ಲಿ ಚಹಾ ಕುಡಿದು ಮುಂದೆ ಸಾಗಿಬಿಡುತ್ತಾರೆ. ಅಡಿಕೆ ತೋಟದ ಅಂಚಿನಲ್ಲಿರುವ ಹವ್ಯಕರ ಮನೆಯೊಂದರ ಜಗಲಿಯನ್ನು ಹತ್ತಿದವರ ಭಾಗ್ಯವೇ ಬೇರೆ. ಮೊದಲು ಬೆಲ್ಲ, ನೀರು. ಅನಂತರ ಒಳಗಿನಿಂದ “ಆಸರಿಗೆ ಎಂತ ಮಾಡ್ಲಿ?” ಎಂಬ ಪ್ರಶ್ನೆ. ಕಷಾಯವೆಂದೊಡನೆ ಪಟ್ಟಣದ ನಾವು ಮೂಗು ಮುರಿಯುವುದುಂಟು, ನಮಗದು ಜ್ವರದ ಮದ್ದು. ಇಲ್ಲಿ ಅದು ಉಪಚಾರ.

ಅಳತೆ ಮನೆಗೊಂದು ಬಗೆ. ಒಂದು ಪಾವು ಕೊತ್ತಂಬರಿ ಬೀಜಕ್ಕೆ ಅರ್ಧ ಪಾವು ಜೀರಿಗೆ, ಒಂದೊಂದು ಚಮಚೆ ಮೆಂತ್ಯ ಮತ್ತು ಕಾಳುಮೆಣಸು, ಒಂದು ತುಂಡು ಒಣಶುಂಠಿ, ನಾಲ್ಕಾರು ಏಲಕ್ಕಿ: ಇಷ್ಟನ್ನು ಘಮ ಬರುವಷ್ಟೇ ಹುರಿದು, ತರಿತರಿಯಾಗಿ ಪುಡಿಮಾಡಿ ಡಬ್ಬಿಯಲ್ಲಿ ತುಂಬಿಡುತ್ತಾರೆ. ಮೆಂತ್ಯ ಸೀದರೆ ಎಲ್ಲವೂ ಕಹಿ. ಲೋಟಕ್ಕೊಂದು ಚಮಚೆ ಪುಡಿಯನ್ನು ಬೆಲ್ಲದೊಡನೆ ನೀರಿನಲ್ಲಿ ಚೆನ್ನಾಗಿ ಕುದಿಸಬೇಕು. ಹಾಲನ್ನು ಬೆರೆಸುವುದು ಪಾತ್ರೆಯನ್ನು ಒಲೆಯಿಂದಿಳಿಸಿದ ಮೇಲೆ; ಬೆಲ್ಲದೊಡನೆ ಕುದಿಸಿದರೆ ಹಾಲು ಒಡೆಯುವುದುಂಟು. ಸೋಸಿ, ಬಿಸಿಯಾಗಿರುವಾಗಲೇ ಕುಡಿಯಬೇಕು. ಈಚೆಗೆ ನಗರದ ಅಂಗಡಿಗಳಲ್ಲಿ ‘ಹರ್ಬಲ್ ಟೀ’ ಎಂಬ ಹೆಸರಿನಲ್ಲಿ ಪುಟ್ಟ ಚೀಲಗಳು ದೊರೆಯುತ್ತವೆ. ಅವುಗಳಲ್ಲಿ ಅನೇಕಕ್ಕೆ ಚಹಾದ ಎಲೆಯ ಸೋಂಕೇ ಇಲ್ಲ. ಅವೂ ಕಷಾಯಗಳೇ, ಬೆಲೆ ಮಾತ್ರ ದುಬಾರಿ!

ಮಳೆಗಾಲದ ಸಂಜೆಗೆ ಮಜ್ಜಿಗೆಹುಲ್ಲು, ನೆಗಡಿಗೆ ತುಳಸಿ ಮತ್ತು ಶುಂಠಿ, ಬೇಸಗೆಗೆ ಸೊಗದೆ ಬೇರು. ಈ ಸೊಗದೆಯ ವಿಷಯದಲ್ಲಿ ಕೊಂಚ ಎಚ್ಚರಿಕೆ ಬೇಕು. ಎಲೆಯನ್ನು ಕಿತ್ತರೆ ಗಿಡವು ಮತ್ತೆ ಚಿಗುರೀತು. ಬೇರನ್ನು ಪೂರ್ತಿ ಅಗೆದರೆ ಬಳ್ಳಿಯ ಕಥೆಯೇ ಮುಗಿಯಿತು. ಮನೆಯ ಬಳಕೆಗೆಂದು ಒಂದೆರಡು ಬೇರುಗಳನ್ನು ತೆಗೆದು ಬುಡಕ್ಕೆ ಮಣ್ಣು ಮುಚ್ಚುವ ಅಜ್ಜಿಯ ಕೈ ಬೇರೆ, ಮೂಟೆ ಕಟ್ಟಿ ಮಾರಲೆಂದು ಗುದ್ದಲಿ ಹಿಡಿದು ಬೆಟ್ಟಕ್ಕೆ ನುಗ್ಗುವ ಕೈ ಬೇರೆ. ಬಳ್ಳಿಯನ್ನು ಗುರುತಿಸಬಲ್ಲ ಮಕ್ಕಳು ಓದಿಗೆ, ನೌಕರಿಗೆ ಎಂದು ಬೆಂಗಳೂರನ್ನು ಸೇರಿದರೆ ಮೊದಲನೆಯ ಕೈಗೆ ವಾರಸುದಾರರು ಯಾರು?

ಮಜ್ಜಿಗೆಹುಲ್ಲಿಗೆ ಈ ಚಿಂತೆಯಿಲ್ಲ. ಬಚ್ಚಲ ನೀರು ಹರಿಯುವೆಡೆಯಲ್ಲಿ ಅದು ಪೊದೆಯಾಗಿ ಹಬ್ಬುತ್ತದೆ. ಹೊರಡುವಾಗ ಬುಡಸಹಿತ ಒಂದು ಕಂತೆಯನ್ನು ಕೇಳಿದರೆ ಇಲ್ಲವೆನ್ನುವವರಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನೆಟ್ಟರೆ, ಬಿಸಿಲು ಬೀಳುವ ಮಹಡಿಯ ಕುಂಡದಲ್ಲಿಯೂ ಚಿಗುರುತ್ತದೆ.